ಕಾನೂರು ಕೋಟೆ ಮತ್ತು ನಗಿರೆಯ ಚೆನ್ನಭೈರಾದೇವಿ

ಶರಾವತಿಯ ಕಣಿವೆಯಲ್ಲಿ, ಸಾಗರ ತಾಲ್ಲೂಕಿನ ದಟ್ಟವಾದ ಕಾಡಿನ ನಡುವೆ, ಕಾನೂರು ಕೋಟೆಯೆಂಬ ಹಾಳುಕೋಟೆಯೊಂದಿದೆ. ಕುಸಿದ ಕೋಟೆಗೋಡೆ, ನೀರಿನ ಆಸರೆಗಳು, ದೇವಾಲಯದ ಅವಶೇಷ ಇವಿಷ್ಟೇ ಅಲ್ಲಿ ಕಾಣುವಂಥವು. ಇವುಗಳ ನಡುವೆ ನಿಧಿಯಾಸೆಯಿಂದ ಅಗೆದವರು ಬಿಟ್ಟುಹೋದ ಗುಂಡಿಗಳು. ನಾಡಿನ ಪ್ರಸಿದ್ಧ ದುರ್ಗಗಳನ್ನು ಹೆಸರಿಸುವಾಗ ಇದನ್ನು ನೆನೆಯುವವರು ವಿರಳ. ಸ್ಥಳೀಯರ ನೆನಪು ಮಾತ್ರ ಇದನ್ನು ನಗಿರೆಯ ಜೈನರಾಣಿ ಚೆನ್ನಭೈರಾದೇವಿಯ ಕೋಟೆಯೆಂದು ತಲೆಮಾರುಗಳಿಂದ ಹೇಳುತ್ತ ಬಂದಿದೆ. ಆಕೆಯ ಕರಿಮೆಣಸಿನ ಸಂಗ್ರಹ ಇಲ್ಲಿತ್ತೆಂಬುದು ಆ ಐತಿಹ್ಯದ ಇನ್ನೊಂದು ಭಾಗ.

ಈ ಐತಿಹ್ಯ ನೆಲದ ಸ್ಥಿತಿಗೆ ಒಪ್ಪುವಂತಿದೆ. ನಗಿರೆಯ ರಾಜಧಾನಿ ಗೇರುಸೊಪ್ಪೆ ಶರಾವತಿಯ ದಡದಲ್ಲಿದ್ದಿತು. ಹೊನ್ನಾವರದಿಂದ ದೋಣಿಗಳು ಅಲ್ಲಿಯವರೆಗೆ ಬರುತ್ತಿದ್ದವು. ಅಲ್ಲಿಂದ ಮುಂದೆ ಘಟ್ಟದ ಏರುದಾರಿ. ಮೆಣಸು ಬೆಳೆಯುವುದು ಮೇಲೆ, ಮಾರಾಟವಾಗುವುದು ಕೆಳಗಿನ ಬಂದರಿನಲ್ಲಿ. ಹೀಗಿರುವಾಗ ಘಟ್ಟದ ಕಾಡಿನಲ್ಲಿ ಕಾವಲುಳ್ಳ ನೆಲೆಯೊಂದು ಆ ಅರಸುಮನೆತನಕ್ಕೆ ಅನಿವಾರ್ಯವಾಗಿತ್ತು. ಆದರೆ ಹೆಸರಿನ ಸಾಮ್ಯವನ್ನು ನೆಚ್ಚಿ ಈ ಸ್ಥಳಕ್ಕೆ ಮೂಲಸಂಘದ ಕಾಣೂರ್ಗಣದ ಸಂಬಂಧವನ್ನು ಕಲ್ಪಿಸುವುದು ಯುಕ್ತವಲ್ಲ. ಆ ಗಣದ ಹೆಸರಿನಲ್ಲಿರುವುದು ಣಕಾರ, ಕೋಟೆಯ ಹೆಸರಿನಲ್ಲಿರುವುದು ನಕಾರ. ಅಲ್ಲದೆ ಸಾಳ್ವರಿಗಿಂತ ಎಷ್ಟೋ ಶತಮಾನಗಳ ಹಿಂದಿನ ಶಾಸನಗಳಲ್ಲಿಯೇ ಗಣದ ಹೆಸರು ಕಾಣುತ್ತದೆ. ಕಾನು ಎಂದರೆ ಮಲೆನಾಡಿನವರಿಗೆ ದಟ್ಟವಾದ ಕಾಡು. ಊರಿನ ಹೆಸರಿಗೆ ಅಷ್ಟೇ ಸಾಕು.

ಚೆನ್ನಭೈರಾದೇವಿ ಕ್ರಿ.ಶ. 1552ರಿಂದ ಅರ್ಧಶತಮಾನಕ್ಕೂ ಹೆಚ್ಚು ಕಾಲ ಆಳಿದಳು. 1606ರ ಸುಮಾರಿಗೆ ಕೆಳದಿಯ ವೆಂಕಟಪ್ಪನಾಯಕನು ಆಕೆಯ ರಾಜ್ಯವನ್ನು ವಶಪಡಿಸಿಕೊಂಡನು. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರೆಂಬುದು ಸುಪ್ರಸಿದ್ಧ. ಆದರೆ ಈ ಪ್ರಸಿದ್ಧಿಯೇ ಒಂದು ಗೊಂದಲಕ್ಕೆ ಕಾರಣವಾಗಿದೆ. 1542ರಲ್ಲಿ ಮಾರ್ಟಿಂ ಅಫೊನ್ಸೊ ಡಿ ಸೋಜನು ಭಟ್ಕಳವನ್ನು ಸುಟ್ಟಾಗ ಅಲ್ಲಿದ್ದವಳು ಹಾಡುವಳ್ಳಿಯ ಚೆನ್ನಾದೇವಿ. ಹೆಸರುಗಳ ಹೋಲಿಕೆಯಿಂದ ಈ ಇಬ್ಬರನ್ನೂ ಒಬ್ಬಳೇ ಎಂದು ಎಣಿಸಿ, ಒಬ್ಬಳ ಯುದ್ಧವನ್ನು ಇನ್ನೊಬ್ಬಳ ಚರಿತ್ರೆಗೆ ಸೇರಿಸುವ ರೂಢಿ ಬೆಳೆದಿದೆ. ಹತ್ತು ವರ್ಷಗಳ ಅಂತರವೊಂದೇ ಇದನ್ನು ನಿರಾಕರಿಸಲು ಸಾಕು.

ಇದಕ್ಕಿಂತ ಗುರುತರವಾದ ದೋಷ ಇನ್ನೊಂದಿದೆ. ರಾಣಿಯ ಪತನದ ಕಥೆಯನ್ನು ಅನೇಕರು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರದಿಂದ ಎತ್ತಿಕೊಳ್ಳುತ್ತಾರೆ. ಆತನು 1623ರಲ್ಲಿ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದನು. ಅರಮನೆ ಹಾಳಾಗಿ ಗಿಡಮರಗಳಿಂದ ಮುಚ್ಚಿಹೋಗಿದ್ದುದನ್ನು ಕಂಡನು. ಇಷ್ಟು ಆತನ ಕಣ್ಣಿನ ಸಾಕ್ಷ್ಯ. ಇದಕ್ಕೆ ಪೂರ್ಣ ಬೆಲೆಯುಂಟು. ಆದರೆ ರಾಣಿಯು ಹೀನಕುಲದ ಪರದೇಶಿಯೊಬ್ಬನಿಗೆ ಒಲಿದು ಅವನ ಕೈಗೆ ಅಧಿಕಾರವಿತ್ತಳೆಂದೂ, ಅವನ ದ್ರೋಹದಿಂದ ರಾಜ್ಯ ಕಳೆದುಕೊಂಡಳೆಂದೂ ಆತನು ಬರೆದಿರುವುದು ಕೇಳಿದ ಮಾತು. ಕೇಳಿದ್ದು ಯಾರಿಂದ? ಆತನಿದ್ದುದು ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಪರಿವಾರದಲ್ಲಿ; ನಾಯಕನ ಸ್ವಂತ ರಾಯಭಾರಿಯೂ ಆ ತಂಡದಲ್ಲಿದ್ದನು. ಗೆದ್ದವರ ನಾಡಿನಲ್ಲಿ, ಗೆದ್ದವರ ಜೊತೆಯಲ್ಲಿ, ಪತನದ ಹದಿನೇಳು ವರ್ಷಗಳ ಮೇಲೆ ಕಿವಿಗೆ ಬಿದ್ದ ಅಪವಾದವನ್ನು ಪ್ರಮಾಣವೆಂದು ಸ್ವೀಕರಿಸುವುದು ಚರಿತ್ರಕಾರನ ಧರ್ಮವಲ್ಲ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವಾದರೋ ಹದಿನೆಂಟನೆಯ ಶತಮಾನದ ಕೃತಿ, ವಿಜೇತರ ವಂಶಚರಿತೆ.

ಆ ನಾಡಿನ ಒಳಗಿನ ಸಾಕ್ಷ್ಯ ಬೇರೆಡೆ ಇದೆ. ವರ್ಧಮಾನಮುನಿಯ ‘ದಶಭಕ್ತ್ಯಾದಿ ಮಹಾಶಾಸ್ತ್ರ’ 1542ರ ರಚನೆ. ಭಟ್ಕಳ ಉರಿದ ವರ್ಷವೂ ಅದೇ. ವಾದಿ ವಿದ್ಯಾನಂದರ ದೇಹಾವಸಾನದ ಶಕವರ್ಷ 1463 ಎಂಬುದು ನಮಗೆ ದೊರೆಯುವುದು ಈ ಗ್ರಂಥದಿಂದಲೇ. ವಿದ್ಯಾನಂದರು ಸಾಳ್ವ ಅರಸರ, ಬಿಳಿಗಿಯ ಹಾಗೂ ಕಾರ್ಕಳದ ಪ್ರಭುಗಳ ಸಭೆಗಳಲ್ಲಿ ವಾದ ಗೆದ್ದುದನ್ನು ಹುಂಚದ ಶಾಸನ ಸಾರುತ್ತದೆ. ಸಾಳ್ವಮಲ್ಲನ ಆಶ್ರಯದಲ್ಲಿ ಸಾಳ್ವಕವಿಯ ಭಾರತ ಹುಟ್ಟಿತು. ಹಾಡುವಳ್ಳಿಯ ಮಠದ ಅಕಲಂಕದೇವನ ಶಿಷ್ಯನೆಂದು ಕವಿಚರಿತೆ ಹೇಳುವ ಭಟ್ಟಾಕಲಂಕನು 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ್ದು 1604ರಲ್ಲಿ, ಎಂದರೆ ನಗಿರೆಯ ಪತನಕ್ಕೆ ಎರಡೇ ವರ್ಷ ಮುಂಚೆ. ಗೇರುಸೊಪ್ಪೆಯ ಸೆಟ್ಟರ ಧರ್ಮಕಾರ್ಯಗಳು ಶ್ರವಣಬೆಳಗೊಳದ ಶಾಸನಗಳಲ್ಲಿಯೂ ಉಕ್ತವಾಗಿವೆ. ಕಾಮಮೋಹದಿಂದ ಕೆಟ್ಟ ಅರಸೊತ್ತಿಗೆಯ ಚಿತ್ರವನ್ನು ಇವಾವುವೂ ಕೊಡುವುದಿಲ್ಲ. ಪ್ರಶಸ್ತಿಯೆಂದ ಮೇಲೆ ಸ್ತುತಿ ಇದ್ದೇ ಇರುತ್ತದೆ, ಅದನ್ನು ಕಳೆದೇ ಓದಬೇಕು. ಆದರೆ ಶಕವರ್ಷ, ಗುರುಪರಂಪರೆ, ಸ್ಥಳನಾಮ ಇವುಗಳಲ್ಲಿ ಕವಿಗೆ ಉತ್ಪ್ರೇಕ್ಷೆಯ ಪ್ರಯೋಜನವಿಲ್ಲ.

ಸ್ಥಳನಾಮದ ವಿಷಯದಲ್ಲಿ ಓಲೆಗರಿಗಳನ್ನು ಓದುವವರು ಗಮನಿಸತಕ್ಕ ಅಂಶವೊಂದುಂಟು. ಸಂಸ್ಕೃತದಲ್ಲಿ ಬರೆದವರು ಹಾಡುವಳ್ಳಿಯನ್ನು ಸಂಗೀತಪುರವೆಂದೂ, ಗೇರುಸೊಪ್ಪೆಯನ್ನು ಕ್ಷೇಮಪುರವೆಂದೂ ಭಲ್ಲಾತಕೀಪುರವೆಂದೂ ಕರೆದಿದ್ದಾರೆ. ಇಲ್ಲಿಯ ಗೇರು, ಪೋರ್ಚುಗೀಸರೊಡನೆ ಬಂದ ಗೋಡಂಬಿಯ ಗೇರಲ್ಲ. ಅಗಸರು ಬಟ್ಟೆಗೆ ಗುರುತು ಹಾಕುವ ಕಾಡುಗೇರು, ಅದೇ ಭಲ್ಲಾತಕ. ‘ಗೇರುಸೊಪ್ಪೆ’ಯನ್ನಷ್ಟೇ ಹುಡುಕುತ್ತ ಹೋದರೆ ಪುಷ್ಪಿಕೆಗಳಲ್ಲಿಯ ಕ್ಷೇಮಪುರ ಕಣ್ತಪ್ಪಿ ಹೋಗುತ್ತದೆ. ಸೂಚಿಪಟ್ಟಿಗಳನ್ನು ಸಿದ್ಧಪಡಿಸುವಾಗ ಈ ಎಲ್ಲ ಹೆಸರುಗಳನ್ನೂ ಒಂದೇ ಶೀರ್ಷಿಕೆಯಡಿ ಕೂಡಿಸಿಕೊಡುವುದು ಒಳಿತು. ಕಾನೂರಿನ ಪ್ರಸ್ತಾಪವಿದ್ದಲ್ಲಿ ಅದನ್ನೂ ಅಲ್ಲಿಯೇ ಸೇರಿಸಬಹುದು.