ಮನೆಯ ದೊಡ್ಡ ಅಕ್ವೇರಿಯಂ ಹಾಗೂ ಮೀನುಗಳ ಸ್ಥಳಾಂತರ: ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ಸಾರ್ವಜನಿಕರಿಗೆ ಮಾಹಿತಿ

ವರ್ಗಾವಣೆ, ಗೃಹಪ್ರವೇಶ ಅಥವಾ ಬಾಡಿಗೆ ಮನೆಯ ಬದಲಾವಣೆಯ ಸಂದರ್ಭದಲ್ಲಿ ಇತರೆ ಸಾಮಾನುಗಳೊಂದಿಗೆ ಅಕ್ವೇರಿಯಂ ಅನ್ನೂ ಸಾಗಿಸಬೇಕಾಗುತ್ತದೆ. ದಾರಿಯಲ್ಲಿ ಬದುಕುಳಿದ ಮೀನುಗಳು ಹೊಸ ಮನೆಗೆ ಬಂದ ಕೆಲವೇ ದಿನಗಳಲ್ಲಿ ಒಂದೊಂದಾಗಿ ಸಾಯುವುದುಂಟು. ಪ್ರಯಾಣದ ಆಯಾಸದ ಜೊತೆಗೆ ಇದಕ್ಕೆ ಎರಡು ಮುಖ್ಯ ಕಾರಣಗಳಿವೆ. ಮೊದಲನೆಯದು, ಫಿಲ್ಟರಿನಲ್ಲಿರುವ ಉಪಯುಕ್ತ ಬ್ಯಾಕ್ಟೀರಿಯಾ ಸಾಗಣೆಯ ವೇಳೆ ನಾಶವಾಗುವುದು. ಎರಡನೆಯದು, ಹೊಸ ಮನೆಯ ನೀರಿನ ಗುಣ ಹಳೆಯ ನೀರಿಗಿಂತ ಭಿನ್ನವಾಗಿರುವುದು. ಇವೆರಡನ್ನೂ ಮುಂಚಿತವಾಗಿ ಗಮನಿಸಿದಲ್ಲಿ ಹೆಚ್ಚಿನ ಮೀನುಗಳನ್ನು ಉಳಿಸಿಕೊಳ್ಳಬಹುದಾಗಿದೆ.

1. ತೊಟ್ಟಿಯ ತೂಕ ಮತ್ತು ಸ್ಥಳದ ಆಯ್ಕೆ

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಹಾಗೂ ಎರಡು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 340 ಕಿ.ಗ್ರಾಂ. ಆಗುತ್ತದೆ. 10 ಮಿ.ಮೀ. ದಪ್ಪದ ಗಾಜಾಗಿದ್ದಲ್ಲಿ ಬರಿದಾದ ತೊಟ್ಟಿಯೇ ಸುಮಾರು 65 ಕಿ.ಗ್ರಾಂ. ತೂಗುತ್ತದೆ. ಇದಕ್ಕೆ ಜಲ್ಲಿಕಲ್ಲು ಹಾಗೂ ಸ್ಟ್ಯಾಂಡಿನ ತೂಕವೂ ಸೇರುತ್ತದೆ. ಆದುದರಿಂದ ಮಲೆನಾಡಿನ ಹಳೆಯ ಮನೆಗಳ ಮರದ ಹಲಗೆಯ ಮಹಡಿಯ ಮೇಲೆ ಇಂತಹ ತೊಟ್ಟಿಯನ್ನು ಇಡಬಾರದು. ನೆಲ ಸಮತಟ್ಟಾಗಿದೆಯೇ ಎಂಬುದನ್ನು ಮಟ್ಟಗೋಲಿನಿಂದ ಪರಿಶೀಲಿಸಿ, ನೇರ ಬಿಸಿಲು ಬೀಳದ, ಗೋಡೆಗೆ ಹತ್ತಿರದ ಸ್ಥಳವನ್ನು ಆರಿಸಿಕೊಳ್ಳುವುದು.

2. ಹೊಸ ಮನೆಯ ನೀರಿನ ಪರಿಶೀಲನೆ

ಸ್ಥಳಾಂತರಕ್ಕೆ ಕನಿಷ್ಠ ಎರಡು ವಾರ ಮುಂಚೆ ಎರಡೂ ಮನೆಗಳ ನೀರಿನ ಪಿಎಚ್ ಮತ್ತು ಗಡಸುತನವನ್ನು ಪರೀಕ್ಷಾ ಕಿಟ್‌ನಿಂದ ಅಳೆದು ಬರೆದಿಟ್ಟುಕೊಳ್ಳುವುದು. ಈ ಭಾಗದಲ್ಲಿ ನೀರಿನ ಮೂಲಕ್ಕೆ ಅನುಗುಣವಾಗಿ ಈ ಕೆಳಕಂಡ ಅಂಶಗಳನ್ನು ಗಮನಿಸಬೇಕು.

ಅ) ಪಟ್ಟಣದ ನಲ್ಲಿ ನೀರು: ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಮೀನಿನ ಕಿವಿರಿಗೆ ಹಾಗೂ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಹಾನಿಕರ. ನೀರನ್ನು ತೆರೆದ ಪಾತ್ರೆಯಲ್ಲಿ 24 ಗಂಟೆ ಇಟ್ಟು ಗಾಳಿಯಾಡಿಸಬೇಕು ಅಥವಾ ಕ್ಲೋರಿನ್ ನಿವಾರಕವನ್ನು ಸೂಚಿತ ಪ್ರಮಾಣದಲ್ಲಿ ಬಳಸಬೇಕು.

ಆ) ಕೊಳವೆ ಬಾವಿಯ ನೀರು: ಸಾಮಾನ್ಯವಾಗಿ ಹೊಳೆಯ ನೀರಿಗಿಂತ ಹೆಚ್ಚು ಗಡಸಾಗಿರುತ್ತದೆ. ಮೃದು ನೀರಿಗೆ ಹೊಂದಿಕೊಂಡ ಮೀನುಗಳನ್ನು ಒಮ್ಮೆಲೇ ಇದಕ್ಕೆ ಬಿಡಬಾರದು.

ಇ) ಗುಡ್ಡದಿಂದ ಪೈಪಿನ ಮೂಲಕ ಬರುವ ಒರತೆ ಹಾಗೂ ಹಳ್ಳದ ನೀರು: ಇದರಲ್ಲಿ ಕ್ಲೋರಿನ್ ಇರುವುದಿಲ್ಲ. ಆದರೆ ಲವಣಾಂಶ ಕಡಿಮೆಯಿರುವುದರಿಂದ ಪಿಎಚ್ ಬೇಗನೆ ಏರಿಳಿತವಾಗುತ್ತದೆ.

ಈ) ಕಾಫಿ ತೋಟದ ಪರಿಸರ: ಎಲೆ ತುಕ್ಕು ಹಾಗೂ ಕೊಳೆರೋಗದ ನಿಯಂತ್ರಣಕ್ಕಾಗಿ ಮುಂಗಾರಿಗೆ ಮುಂಚೆ ಮತ್ತು ಮಳೆಯ ಬಿಡುವಿನಲ್ಲಿ ಮೈಲುತುತ್ತ ಹಾಗೂ ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸಲಾಗುತ್ತದೆ. ಮೈಲುತುತ್ತದಲ್ಲಿರುವ ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷಕಾರಿ. ಮೃದು ನೀರಿನಲ್ಲಿ ಇದರ ಪರಿಣಾಮ ಇನ್ನೂ ತೀವ್ರ. ನೀರನ್ನು ಕುದಿಸುವುದರಿಂದಾಗಲಿ, ತೆರೆದಿಡುವುದರಿಂದಾಗಲಿ ತಾಮ್ರ ಹೋಗುವುದಿಲ್ಲ. ಸಿಂಪಡಣೆಯ ಅವಧಿಯಲ್ಲಿ ತೋಟದ ಹಳ್ಳದ ನೀರನ್ನೂ, ಮಾಡಿನಿಂದ ಸಂಗ್ರಹಿಸಿದ ಮಳೆ ನೀರನ್ನೂ ತೊಟ್ಟಿಗೆ ಬಳಸಬಾರದು. ಕಾಫಿ ಕುಯ್ಲಿನ ಕಾಲದಲ್ಲಿ ಪಲ್ಪಿಂಗ್ ಘಟಕದ ನೀರು ಸೇರುವ ಹಳ್ಳಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

3. ಫಿಲ್ಟರಿನ ಸಂರಕ್ಷಣೆ

ಮೀನಿನ ಕಿವಿರು ಮತ್ತು ಮಲದಿಂದ ಹೊರಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿಯೂ, ಅನಂತರ ಕಡಿಮೆ ಹಾನಿಕರವಾದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ಬಹುಪಾಲು ನೆಲೆಸಿರುವುದು ಫಿಲ್ಟರಿನ ಸ್ಪಂಜು, ಸಿರಾಮಿಕ್ ಉಂಗುರ ಹಾಗೂ ಜಲ್ಲಿಕಲ್ಲಿನ ಮೇಲ್ಮೈಯಲ್ಲಿ. ನೀರಿನಲ್ಲಿ ಇವುಗಳ ಪ್ರಮಾಣ ಬಹಳ ಕಡಿಮೆ. ಆದುದರಿಂದ ಹಳೆಯ ನೀರನ್ನಷ್ಟೇ ಒಯ್ದು, ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆದು ಒಣಗಿಸಿ ಒಯ್ಯುವ ಕ್ರಮವು ಸರಿಯಲ್ಲ. ನಾಶವಾದ ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಮಲೆನಾಡಿನ ಚಳಿಗಾಲದಲ್ಲಿ ಇನ್ನೂ ನಿಧಾನ.

ಸ್ಪಂಜು ಮತ್ತು ಉಂಗುರಗಳನ್ನು ತೊಟ್ಟಿಯ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಬ್ಯಾಟರಿ ಚಾಲಿತ ಏರ್ ಪಂಪಿನಿಂದ ಗಾಳಿ ಒದಗಿಸುತ್ತಾ ಸಾಗಿಸುವುದು. ಮುಚ್ಚಿದ ಫಿಲ್ಟರಿನೊಳಗೆ ನೀರು ಗಂಟೆಗಟ್ಟಲೆ ನಿಂತರೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಸಾಯುತ್ತವೆ.

4. ಮುಂಚಿನ ಸಿದ್ಧತೆ

• ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿತ ಹಾಗೂ ವಿದ್ಯುತ್ ಕಡಿತ ಸಂಭವಿಸುವುದರಿಂದ, ಸಾಧ್ಯವಾದಷ್ಟು ಮಟ್ಟಿಗೆ ಮಳೆ ಮುಗಿದ ನಂತರದ ದಿನಗಳನ್ನು ಆರಿಸಿಕೊಳ್ಳುವುದು. 2019ರ ಆಗಸ್ಟ್ ತಿಂಗಳಿನಲ್ಲಿ ಭೂಕುಸಿತದಿಂದ ಚಾರ್ಮಾಡಿ ಘಾಟಿಯ ಸಂಚಾರ ಸ್ಥಗಿತಗೊಂಡಿದ್ದನ್ನು ಇಲ್ಲಿ ಸ್ಮರಿಸಬಹುದು.
• ಸ್ಥಳಾಂತರಕ್ಕೆ 24 ರಿಂದ 48 ಗಂಟೆ ಮುಂಚೆ ಮೀನುಗಳಿಗೆ ಆಹಾರ ನಿಲ್ಲಿಸುವುದು. ಇದರಿಂದ ಚೀಲದ ನೀರು ಬೇಗನೆ ಮಲಿನವಾಗುವುದಿಲ್ಲ.
• ದಪ್ಪ ಪಾಲಿಥಿನ್ ಚೀಲ, ರಬ್ಬರ್ ಬ್ಯಾಂಡ್, ಥರ್ಮೋಕೋಲ್ ಪೆಟ್ಟಿಗೆ, ಮುಚ್ಚಳವಿರುವ ಬಕೆಟ್ಟು ಹಾಗೂ ಏರ್ ಪಂಪನ್ನು ಸಿದ್ಧವಿರಿಸಿಕೊಳ್ಳುವುದು.

5. ಸ್ಥಳಾಂತರದ ದಿನ

ಮೊದಲು ವಿದ್ಯುತ್ ಸಂಪರ್ಕ ಕಡಿತಗೊಳಿಸತಕ್ಕದ್ದು. ಹೀಟರ್ ತಣ್ಣಗಾದ ಮೇಲೆಯೇ ನೀರಿನಿಂದ ಹೊರತೆಗೆಯುವುದು. ಮೇಲ್ಭಾಗದ ತಿಳಿಯಾದ ನೀರಿನಲ್ಲಿ ಸುಮಾರು ಅರ್ಧದಷ್ಟನ್ನು ಕ್ಯಾನುಗಳಲ್ಲಿ ತುಂಬಿಟ್ಟು, ನೀರಿನ ಮಟ್ಟ ಇಳಿದ ಬಳಿಕ ಮೀನುಗಳನ್ನು ಹಿಡಿಯುವುದು.

ಚೀಲದ ಮೂರನೇ ಒಂದು ಭಾಗ ನೀರು, ಉಳಿದ ಭಾಗ ಗಾಳಿ ಅಥವಾ ಆಮ್ಲಜನಕ ಇರಬೇಕು. ಒಂದರೊಳಗೊಂದು ಎರಡು ಚೀಲ ಬಳಸುವುದು ಕ್ಷೇಮ. ಮುಳ್ಳಿರುವ ಮೀನುಗಳು ಚೀಲವನ್ನು ಹರಿಯುವುದರಿಂದ ಅವುಗಳನ್ನು ಮುಚ್ಚಳದ ಬಕೆಟ್ಟಿನಲ್ಲಿ ಒಯ್ಯುವುದು. ಕೊಟ್ಟಿಗೆಹಾರದ ಮೂಲಕ ಕಳಸಕ್ಕೆ ಹೋಗುವಂತಹ ತಿರುವಿನ ರಸ್ತೆಗಳಲ್ಲಿ ಪೆಟ್ಟಿಗೆಗಳು ಜರುಗದಂತೆ ಭದ್ರಪಡಿಸತಕ್ಕದ್ದು.

ನೀರು ಅಥವಾ ಜಲ್ಲಿಕಲ್ಲು ಇರುವಾಗ ತೊಟ್ಟಿಯನ್ನು ಎತ್ತಬಾರದು. ಹಾಗೆ ಎತ್ತಿದಲ್ಲಿ ಗಾಜಿನ ಬೆಸುಗೆ ಬಿಡುತ್ತದೆ. ತಳದ ಕೊಳೆಯಲ್ಲಿ ಅಮೋನಿಯಾ ಉಂಟಾಗುವುದರಿಂದ ಜಲ್ಲಿಯನ್ನು ತೊಟ್ಟಿಯ ಹಳೆಯ ನೀರಿನಲ್ಲಿಯೇ ಜಾಲಿಸಿ, ಒದ್ದೆಯಾಗಿ ಒಯ್ಯುವುದು.

6. ಹೊಸ ಮನೆಯಲ್ಲಿ ಅನುಸರಿಸಬೇಕಾದ ಕ್ರಮ

ತೊಟ್ಟಿ ಹಾಗೂ ಫಿಲ್ಟರನ್ನು ಮೊದಲು ಜೋಡಿಸಿ, ಉಳಿಸಿ ತಂದ ನೀರಿನೊಂದಿಗೆ ಸಿದ್ಧಪಡಿಸಿದ ಹೊಸ ನೀರನ್ನು ಬೆರೆಸಿ ತುಂಬುವುದು. ಮುಚ್ಚಿದ ಚೀಲಗಳನ್ನು 15 ರಿಂದ 20 ನಿಮಿಷ ತೇಲಿಬಿಟ್ಟು ಉಷ್ಣತೆಯನ್ನು ಸರಿಹೊಂದಿಸಬೇಕು. ಎರಡು ಮೂರು ಗಂಟೆಯೊಳಗಿನ ಪ್ರಯಾಣವಾಗಿದ್ದಲ್ಲಿ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ನಂತರ ಮೀನನ್ನು ಮಾತ್ರ ಬಲೆಯಿಂದ ತೊಟ್ಟಿಗೆ ಬಿಡುವುದು.

ಮೊದಲ ದಿನ ಆಹಾರ ನೀಡದೆ, ಅನಂತರದ ಒಂದು ವಾರ ಅಲ್ಪ ಪ್ರಮಾಣದಲ್ಲಿ ನೀಡುವುದು. ಎರಡು ವಾರಗಳ ಕಾಲ ಅಮೋನಿಯಾ ಮತ್ತು ನೈಟ್ರೈಟ್ ಪ್ರಮಾಣವನ್ನು ಪರೀಕ್ಷಿಸುತ್ತಿದ್ದು, ಇವು ಕಂಡುಬಂದಲ್ಲಿ ಕಾಲು ಭಾಗದಷ್ಟು ನೀರನ್ನು ಬದಲಾಯಿಸುವುದು.

7. ಹೆಚ್ಚುವರಿ ಮೀನುಗಳನ್ನು ಹೊಳೆ, ಕೆರೆಗಳಿಗೆ ಬಿಡಬಾರದು

ಸಾಗಿಸಲಾಗದ ಮೀನುಗಳನ್ನು ಹತ್ತಿರದ ಹಳ್ಳಕ್ಕೆ ಬಿಡುವುದು ದಯೆಯ ಕಾರ್ಯವೆಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಭದ್ರಾ ನದಿಯು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟಿ ಕಳಸದ ಬಳಿ ಹರಿಯುತ್ತದೆ; ಹೇಮಾವತಿಯು ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುತ್ತದೆ. ಪಶ್ಚಿಮ ಘಟ್ಟದ ಇಂತಹ ಹೊಳೆಗಳಲ್ಲಿ ಜಗತ್ತಿನ ಬೇರೆಲ್ಲಿಯೂ ಕಂಡುಬರದ ಮೀನುಗಳಿವೆ. ತೊಟ್ಟಿಯಲ್ಲಿ ಪಾಚಿ ತಿನ್ನಲೆಂದು ಸಾಕುವ ಸಕ್ಕರ್ ಮೀನು ಹೊಳೆ, ಕೆರೆಗಳಲ್ಲಿ ನೆಲೆಯೂರಿದರೆ ತೆಗೆಯುವುದು ಬಹಳ ಕಷ್ಟ. ತೊಟ್ಟಿಯ ಮೀನಿನ ಮೂಲಕ ರೋಗಾಣುಗಳೂ ಹರಡಬಹುದು. ಕೇರಳದಲ್ಲಿ 2018ರ ಪ್ರವಾಹದ ನಂತರ ಸಾಕಣೆಯಿಂದ ತಪ್ಪಿಸಿಕೊಂಡ ಅರಪೈಮ, ಅಲಿಗೇಟರ್ ಗಾರ್ ಮುಂತಾದ ವಿದೇಶಿ ಮೀನುಗಳು ಅಲ್ಲಿನ ನದಿಗಳಲ್ಲಿ ಕಂಡುಬಂದವು.

ಹೆಚ್ಚುವರಿ ಮೀನುಗಳನ್ನು ಮತ್ತೊಬ್ಬ ಸಾಕಣೆದಾರರಿಗೆ ಅಥವಾ ಅಲಂಕಾರಿಕ ಮೀನು ಮಾರಾಟಗಾರರಿಗೆ ಹಸ್ತಾಂತರಿಸುವುದು. ತೊಟ್ಟಿಯ ಹಳೆಯ ನೀರು ಮತ್ತು ಜಲಸಸ್ಯಗಳನ್ನೂ ಹಳ್ಳಕ್ಕೆ ಸೇರಿಸದೆ, ನೀರನ್ನು ಹಿತ್ತಲಿನ ಗಿಡಗಳಿಗೆ ಹಾಕುವುದು. ಸಸ್ಯಗಳನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕುವುದು.

8. ನೋಂದಣಿ ಅಗತ್ಯವಿರುವ ಮೀನುಗಳು

ಏಷ್ಯನ್ ಅರೋವಾನಾ, ಅರಪೈಮ ಮುಂತಾಗಿ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳಿಗೆ, 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972 ಹಾಗೂ 2024ರಲ್ಲಿ ಹೊರಡಿಸಲಾದ ನೋಂದಣಿ ನಿಯಮಗಳು ಅನ್ವಯಿಸುತ್ತವೆ. ನೋಂದಣಿಯ ಅರ್ಜಿಯನ್ನು ಪರಿವೇಶ್ 2.0 ಜಾಲತಾಣದ ಮೂಲಕ ಸಲ್ಲಿಸಬೇಕಾಗುತ್ತದೆ. ಇಂತಹ ಮೀನುಗಳನ್ನು ಹೊಂದಿರುವವರು ಸ್ಥಳಾಂತರಕ್ಕೆ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ದಾಖಲೆಗಳನ್ನು ಸರಿಪಡಿಸಿಕೊಳ್ಳತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಕಚೇರಿ ವೇಳೆಯಲ್ಲಿ ಮೀನುಗಾರಿಕೆ ಇಲಾಖೆಯ ಜಿಲ್ಲಾ ಅಥವಾ ತಾಲ್ಲೂಕು ಮಟ್ಟದ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ. ವಿಚಾರಿಸುವಾಗ ತೊಟ್ಟಿಯ ಅಳತೆ, ಮೀನುಗಳ ಜಾತಿ ಮತ್ತು ಸಂಖ್ಯೆ ಹಾಗೂ ಎರಡೂ ಮನೆಗಳ ನೀರಿನ ಪರೀಕ್ಷೆಯ ವಿವರಗಳನ್ನು ಜೊತೆಗೆ ತರುವುದು ಸೂಕ್ತ.