ಒಕ್ಕಣೆಯ ಕೊನೆಯ ಪದ: ‘ಯುವರ್ಸ್ ಫೇತ್‌ಫುಲಿ’ ಮತ್ತು ಜಮಖಂಡಿ ಸೀಮೆಯ ಕನ್ನಡ ಪತ್ರ

ಇಂಗ್ಲಿಷ್ ಪತ್ರದ ‘ಯುವರ್ಸ್ ಫೇತ್‌ಫುಲಿ’ ಎಂಬ ಮುಕ್ತಾಯವು ಕನ್ನಡದಲ್ಲಿ ‘ತಮ್ಮ ವಿಶ್ವಾಸಿ’, ‘ತಮ್ಮ ನಂಬುಗೆಯ’ ಎಂಬ ಎರಡು ರೂಪಗಳಲ್ಲಿ ನೆಲೆಗೊಂಡಿದೆ. ಇವನ್ನು ಪರ್ಯಾಯಗಳೆಂದೇ ಎಣಿಸುವುದು ವಾಡಿಕೆ. ಇವು ಭಿನ್ನ ರಚನೆಗಳೆಂದೂ ಇಂಗ್ಲಿಷಿನ ಅಲ್ಪವಿರಾಮವನ್ನು ಎರಡಕ್ಕೂ ಹಚ್ಚುವುದು ದೋಷವೆಂದೂ ನಾವು ಇಲ್ಲಿ ವಾದಿಸುತ್ತೇವೆ.

ಈ ರೂಪಗಳ ಹಿನ್ನೆಲೆಯನ್ನು ಅರಿಯಲು ಜಮಖಂಡಿ ಸೀಮೆ ತಕ್ಕ ಕ್ಷೇತ್ರ. ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತು. ಬೀಳಗಿ ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಜನರ ಮಾತು ಕನ್ನಡ. ಸಂಸ್ಥಾನಗಳ ದಫ್ತರದಲ್ಲಿ ಮರಾಠಿಯ ಪ್ರಾಬಲ್ಯ. ಬ್ರಿಟಿಷ್ ಅಧಿಕಾರಿಗಳೊಡನೆ ಇಂಗ್ಲಿಷ್. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1963ರ ರಾಜಭಾಷಾ ಅಧಿನಿಯಮವು ಕನ್ನಡಕ್ಕೆ ಆಡಳಿತಭಾಷೆಯ ಸ್ಥಾನವಿತ್ತಿತು.

ಇಂಗ್ಲಿಷಿನ ರೂಢಿಯಲ್ಲಿ ಆರಂಭವೂ ಮುಕ್ತಾಯವೂ ಜೋಡಿಯಾಗಿವೆ: ‘ಡಿಯರ್ ಸರ್’ ಎಂದರೆ ‘ಫೇತ್‌ಫುಲಿ’, ಹೆಸರು ಹಿಡಿದು ಬರೆದರೆ ‘ಸಿನ್ಸಿಯರ್ಲಿ’. ಕನ್ನಡದ ‘ಮಾನ್ಯರೇ’ ಇಂಥ ಜೋಡಿಯನ್ನು ಬೇಡುವುದಿಲ್ಲ. ಇಲ್ಲಿ ಅಂತರವನ್ನು ಸೂಚಿಸುವುದು ಸರ್ವನಾಮ: ಕಚೇರಿಗೆ ‘ತಮ್ಮ’, ಗೆಳೆಯರಿಗೆ ‘ನಿಮ್ಮ’. ಕನ್ನಡದಲ್ಲಿ ‘ವಿಶ್ವಾಸ’ಕ್ಕೆ ನಂಬಿಕೆಯ ಜೊತೆಗೆ ಪ್ರೀತಿಯ ಅರ್ಥವೂ ಇರುವುದರಿಂದ ‘ನಿಮ್ಮ ವಿಶ್ವಾಸದ’ ಎಂಬುದು ಆಪ್ತ ಪತ್ರಕ್ಕೆ ಒಪ್ಪುತ್ತದೆ.

ರಚನೆಯ ಭೇದ ಇನ್ನೂ ಮುಖ್ಯವಾದುದು. ಮರಾಠಿಯಲ್ಲಿ ಪುರುಷನು ‘ಆಪಲಾ ವಿಶ್ವಾಸೂ’ ಎಂದೂ ಸ್ತ್ರೀಯು ‘ಆಪಲೀ ವಿಶ್ವಾಸೂ’ ಎಂದೂ ಬರೆಯುತ್ತಾರೆ. ಷಷ್ಠೀ ರೂಪವೇ ಸಹಿ ಮಾಡುವವರ ಲಿಂಗವನ್ನು ಅನುಸರಿಸುತ್ತದೆ. ಕನ್ನಡದ ‘ತಮ್ಮ’ ಮಾರ್ಪಡುವುದಿಲ್ಲ. ‘ವಿಶ್ವಾಸಿ’ ನಾಮಪದ, ಅದರ ಮುಂದಿನ ಹೆಸರು ಸಮಾನಾಧಿಕರಣವಾದ್ದರಿಂದ ಅಲ್ಪವಿರಾಮ ಸಲ್ಲುತ್ತದೆ. ‘ನಂಬುಗೆಯ’ ಎಂಬುದಾದರೋ ಷಷ್ಠ್ಯಂತ. ಅದರ ವಿಶೇಷ್ಯ ಸಹಿಯೇ. ರಬಕವಿ-ಬನಹಟ್ಟಿಯ ನೇಕಾರರೊಬ್ಬರು ಮನವಿಯ ಕೊನೆಗೆ ‘ತಮ್ಮ ನಂಬುಗೆಯ’ ಎಂದು ಬರೆದು ಕೆಳಗೆ ರುಜು ಹಾಕಿದಾಗಲೇ ಆ ಪದಪುಂಜ ಪೂರ್ಣವಾಗುತ್ತದೆ. ನಡುವಿನ ಅಲ್ಪವಿರಾಮ ವಿಶೇಷಣವನ್ನು ವಿಶೇಷ್ಯದಿಂದ ಕಡಿಯುತ್ತದೆ. ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂಬಲ್ಲಿ ವಿಶೇಷ್ಯ ಒಳಗೇ ಇರುವುದರಿಂದ ಈ ತೊಡಕಿಲ್ಲ.

ಒಕ್ಕಣೆ ಮುಗಿಯಿತೆಂದು ಸಾರಲು ಕನ್ನಡಕ್ಕೆ ತನ್ನದೇ ಪದವುಂಟು: ‘ಇಂತಿ’. ‘ಇಂತಿ ತಮ್ಮ ನಂಬುಗೆಯ’ ಎಂಬಲ್ಲಿ ಎಲ್ಲೆಯನ್ನು ಗುರುತಿಸುವ ಕೆಲಸವನ್ನು ಅದೇ ನಿರ್ವಹಿಸುತ್ತದೆ. ಆದುದರಿಂದ ‘ನಂಬುಗೆಯ’ ಎಂಬುದರ ಮುಂದೆ ಅಲ್ಪವಿರಾಮವಿಡದ ವಿದ್ಯಾರ್ಥಿಯ ಅಂಕ ಕಳೆಯುವುದು ಸಲ್ಲದು; ಅವನ ಬರಹ ಕನ್ನಡದ ವ್ಯಾಕರಣಕ್ಕೆ ನಿಷ್ಠವಾಗಿದೆ ಎಂಬುದು ನಮ್ಮ ನಿಲುವು.