ಹಲಗಿ ಬಡಿದವರ ಹೆಸರೇನು?

ದಲಿತ ಚಳವಳಿಯ ಹಾಡುಗಳ ಬಗ್ಗೆ ನಮ್ಮ ವಿಮರ್ಶೆ ಬೇಕಾದಷ್ಟು ಬರೆದಿದೆ. ಆದರೆ ಅದು ಬರೆದದ್ದು ಕವಿತೆಯ ಬಗ್ಗೆ, ಹಾಡಿದ ತಂಡದ ಬಗ್ಗೆ ಅಲ್ಲ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದು, ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾದದ್ದು ಎಲ್ಲರಿಗೂ ಬಾಯಿಪಾಠ. ಆದರೆ ಅಕ್ಷರ ಮುಟ್ಟದ ಕೇರಿಗೆ ಈ ಪುಸ್ತಕ ಹೆಂಗ ಹೋತು? ಪುಸ್ತಕ ಹೋಗಲಿಲ್ಲ, ಹಾಡು ಹೋಯಿತು. ಒಂದು ಹಲಗಿ, ನಾಲ್ಕು ಕಂಠ ಅದನ್ನು ಹೊತ್ತುಕೊಂಡು ನಡೆದವು. ಆ ನಾಲ್ಕು ಕಂಠ ಯಾರವು?

ಯಾದಗಿರಿ, ಶಹಾಪುರ, ಸುರಪುರ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಆಮೇಲೆಯೂ ಗುಲ್ಬರ್ಗಾ ಜಿಲ್ಲೆಯಲ್ಲೇ ಉಳಿದವು. 2009ರ ಡಿಸೆಂಬರಿನಲ್ಲಿ ಯಾದಗಿರಿಯೇ ಜಿಲ್ಲೆಯಾಯಿತು. ಆಳುವವರು ಬದಲಾದರು, ಹಲಗಿ ಬಡಿಯುವವರು ಮಾತ್ರ ಬದಲಾಗಲಿಲ್ಲ. ಡಂಗುರ ಸಾರಬೇಕಂದ್ರ ಹಲಗಿ, ಹೆಣ ಎತ್ತಬೇಕಂದ್ರ ಹಲಗಿ, ಜಾತ್ರಿಗೂ ಅಲಾಯಿಗೂ ಹಲಗಿ. ಬಡಿದವನಿಗೆ ಒಂದಿಷ್ಟು ಕಾಳು, ಗುಡಿಯ ಹೊರಗೆ ಒಂದಿಷ್ಟು ಜಾಗ. ಇದು ಕಲೆಯಲ್ಲ, ಬಿಟ್ಟಿ ಚಾಕರಿ.

ಬಿ. ಶ್ಯಾಮಸುಂದರ್ ಅವರು 1968ರಲ್ಲಿ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದ್ದರಿಂದ ಈ ಸೀಮೆಗೆ ಹೋರಾಟದ ಮಾತು ಹೊಸದಾಗಿರಲಿಲ್ಲ. ಮುಂದೆ ಸಂಘರ್ಷ ಸಮಿತಿಯ ಹಾಡು ಬಂದಾಗ ಅದೇ ಹಲಗಿ ವೇದಿಕೆ ಏರಿತು. ಇಲ್ಲಿ ಒಂದು ನಿಜವಾದ ಬಿಕ್ಕಟ್ಟು ಇತ್ತು. ಹಲಗಿ ಗುಲಾಮಗಿರಿಯ ಗುರುತು, ಅದನ್ನು ಎಸೆಯಬೇಕು ಎನ್ನುವುದು ಒಂದು ವಾದ. ಹಲಗಿ ನಮ್ಮದು, ಗೌಡನ ಮನೆ ಮುಂದೆ ಬಡಿಯೂದು ಬಿಡೋಣ, ನಮ್ಮ ಸಭೆಯಾಗ ಬಡಿಯೋಣ ಎನ್ನುವುದು ಇನ್ನೊಂದು ವಾದ. ಎರಡಕ್ಕೂ ಬೆಲೆಯಿದೆ. ಎಸೆದವನು ಊರಿನ ಸಿಟ್ಟು ಎದುರಿಸಿದ. ಉಳಿಸಿಕೊಂಡವನು ತಂಡ ಕಟ್ಟಿದ.

ಆದರೆ ತಂಡ ಅನ್ನುವುದು ಕಲ್ಲಿನ ಗುಂಡಲ್ಲ. ಹಾಡುವ ಹುಡುಗ ಗುಳೆ ಹೋದ, ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಸೇರಿದ. ಹಾಸ್ಟೆಲ್ಲಿನಲ್ಲಿ ಕಲಿತವನಿಗೆ ನೌಕರಿ ಸಿಕ್ಕಿತು, ಸರ್ಕಾರಿ ನೌಕರ ಬೀದಿಯಲ್ಲಿ ಹಾಡುವುದು ಕಷ್ಟವಾಯಿತು. ಹಾಡುತ್ತಿದ್ದ ಹೆಣ್ಣುಮಗಳು ಮದುವೆಯಾಗಿ ಹೋದಳು, ಅವಳ ಜಾಗ ಖಾಲಿಯೇ ಉಳಿಯಿತು. ಸಮಿತಿ ಬಣಗಳಾಗಿ ಒಡೆದಾಗ ಬ್ಯಾನರುಗಳು ಬೇರೆಯಾದವು, ಹಾಡು ಮಾತ್ರ ಎಲ್ಲರ ವೇದಿಕೆಯಲ್ಲೂ ಅವೇ ಉಳಿದವು. ಸಿದ್ಧಲಿಂಗಯ್ಯನವರು 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ಮೈಸೂರಿನ ಜನಾರ್ಧನ್, ಅಂದರೆ ನಮ್ಮೆಲ್ಲರ ಜನ್ನಿ, ರಂಗಾಯಣದ ನಿರ್ದೇಶಕರಾದರು. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಇವು ನಮಗೆ ಗೊತ್ತಿರುವ ಹೆಸರುಗಳು. ಇವರ ಪಕ್ಕದಲ್ಲಿ ನಿಂತು ಪಲ್ಲವಿಗೆ ದನಿ ಸೇರಿಸಿದವರ ಹೆಸರು ಯಾವ ಲೇಖನದಲ್ಲಿದೆ?

ಈಗ ನಗರದ ರಾಕ್ ಬ್ಯಾಂಡುಗಳನ್ನು ನೋಡಿ. 1998ರಲ್ಲಿ ಮೈಸೂರಿನಲ್ಲಿ ರಘು ದೀಕ್ಷಿತ್ ‘ಅಂತರಾಗ್ನಿ’ ಕಟ್ಟಿದರು. ಆ ಬ್ಯಾಂಡ್ ಒಡೆದ ಮೇಲೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಬಂತು. ಅದು ಬರುವವರಿಗೆ, ಹೋಗುವವರಿಗೆ ಬಾಗಿಲು ತೆರೆದಿಟ್ಟ ತಂಡ. 2008ರಲ್ಲಿ ಅದರ ಮೊದಲ ಆಲ್ಬಂ ಬಂದಾಗ ಶಿಶುನಾಳ ಶರೀಫರ ಪದ ಗಿಟಾರಿನ ಜೊತೆ ಲೋಕ ಸುತ್ತಿತು. ನನ್ನ ತಕರಾರು ಆ ಸಂಗೀತದ ಮೇಲಲ್ಲ. ಅಲ್ಲಿ ಯಾರು ಬಂದರು, ಯಾರು ಬಿಟ್ಟರು ಅನ್ನುವುದು ಸುದ್ದಿಯಾಗುತ್ತದೆ, ಆಲ್ಬಮ್ಮಿನ ಮೇಲೆ ಅಚ್ಚಾಗುತ್ತದೆ. ನಮ್ಮಲ್ಲಿ ಅದು ಬರೀ ಗೈರುಹಾಜರಿ.

ಹೆಸರು ಅಚ್ಚಾದರೂ ಸಾಲದು ಅನ್ನುವುದಕ್ಕೆ ತಮಿಳುನಾಡು ಸಾಕ್ಷಿ. 2018ರ ಜನವರಿಯಲ್ಲಿ ಪಾ. ರಂಜಿತ್ ಅವರ ನೀಲಂ ಸಂಸ್ಥೆ, ಸಂಗೀತಗಾರ ತೆನ್ಮಾ ಜೊತೆಗೂಡಿ ಚೆನ್ನೈನಲ್ಲಿ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಅನ್ನು ವೇದಿಕೆಗೆ ತಂದಿತು. ಹತ್ತೊಂಬತ್ತು ಜನ. ಗಾನಾ, ರ‍್ಯಾಪ್, ರಾಕ್ ಎಲ್ಲ ಒಂದೇ ವೇದಿಕೆಯಲ್ಲಿ. ಆ ತಂಡದ ಅರಿವು 2021ರಲ್ಲಿ ಧೀ ಜೊತೆ ‘ಎಂಜಾಯ್ ಎಂಜಾಮಿ’ ಹಾಡಿದರು. ಸಿಲೋನಿನ ಚಹಾ ತೋಟದಲ್ಲಿ ದುಡಿದ ಅಜ್ಜಿಯ ನೆನಪು ಆ ಹಾಡಿನ ಬೇರು. ಅದೇ ವರ್ಷ ಆಗಸ್ಟಿನಲ್ಲಿ ‘ರೋಲಿಂಗ್ ಸ್ಟೋನ್ ಇಂಡಿಯಾ’ ಮುಖಪುಟದಲ್ಲಿ ಧೀ ಇದ್ದರು, ಅರಿವು ಇರಲಿಲ್ಲ. ರಂಜಿತ್ ಬಹಿರಂಗವಾಗಿ ಕೇಳಿದರು, ಗದ್ದಲವಾಯಿತು, ಆಮೇಲೆ ಅರಿವುಗೆ ಬೇರೆ ಡಿಜಿಟಲ್ ಮುಖಪುಟ ಬಂತು. ಕೋಟಿಗಟ್ಟಲೆ ಜನ ಕೇಳಿದ ಕಂಠಕ್ಕೇ ಈ ಗತಿಯಾದರೆ ಸುರಪುರದ ಹಲಗಿಯವನ ಪಾಡೇನು? ಅವನ ಪರವಾಗಿ ಕೇಳುವವರು ಯಾರು?

ಇದಕ್ಕೆ ಪೂರಾ ಹೊಣೆ ಮೇಲ್ಜಾತಿ ಮಾಧ್ಯಮದ ತಲೆ ಮೇಲೆ ಹಾಕಿದರೆ ನಮ್ಮ ಮನೆಯ ಮಾತು ಉಳಿದೇ ಹೋಗುತ್ತದೆ. ನಮ್ಮ ಸಭೆಗಳಲ್ಲಿ ಭಾಷಣ ಮಾಡುವವನು ಯಾರು, ಮಂದಿ ಸೇರುವತನಕ ಹಲಗಿ ಬಡಿಯುವವನು ಯಾರು? ಕರಪತ್ರದಲ್ಲಿ ಭಾಷಣಕಾರರ ಹೆಸರು ದಪ್ಪಕ್ಷರದಲ್ಲಿ, ಕೊನೆಗೆ ‘ಸಂಗಡಿಗರಿಂದ ಕ್ರಾಂತಿಗೀತೆ’. ಈ ‘ಸಂಗಡಿಗರು’ ಅನ್ನುವ ಪದದೊಳಗೆ ಎಷ್ಟು ಮಂದಿ ಮಾದಿಗರು, ಎಷ್ಟು ಮಂದಿ ಹೆಣ್ಣುಮಕ್ಕಳು ಹೂತುಹೋಗಿದ್ದಾರೆ! ಬೂಸಾ ಯಾವುದು, ಕಾಳು ಯಾವುದು ಅಂತ ಕೇಳಿ ಹುಟ್ಟಿದ ಚಳವಳಿ ತನ್ನ ಕಣದೊಳಗೂ ಇದನ್ನು ಕೇಳಬೇಕು.

ಗೆಳೆಯರೆ, ವಿದ್ಯಾರ್ಥಿಗಳು ಸಿದ್ಧಲಿಂಗಯ್ಯನವರ ಪ್ರತಿಮೆಗಳ ಮೇಲೆ ಪ್ರಬಂಧ ಬರೆಯಲಿ, ಬ್ಯಾಡ ಅನ್ನೂದಿಲ್ಲ. ಅದರ ಜೊತೆಗೆ ಯಾದಗಿರಿ, ಶಹಾಪುರ, ಸುರಪುರದ ಕೇರಿಗಳಿಗೆ ಒಂದು ನೋಟುಬುಕ್ಕು ಹಿಡಿದು ಹೋಗಲಿ. ಹಳೇ ಕರಪತ್ರ, ಫೋಟೋ, ಕ್ಯಾಸೆಟ್ಟು ಇದ್ದರೆ ನೋಡಲಿ. ಯಾರು ಹಾಡಿದರು, ಯಾವ ವರ್ಷ ಬಿಟ್ಟರು, ಯಾಕೆ ಬಿಟ್ಟರು ಅಂತ ಕೇಳಲಿ, ಅವರು ಒಪ್ಪಿದರೆ ಹೆಸರು ಬರೆದುಕೊಳ್ಳಲಿ. ಆಗ ಹಾಡಿದವರಿಗೆ ಈಗ ವಯಸ್ಸಾಗಿದೆ. ಹಲಗಿಯನ್ನು ಬೆಂಕಿಗೆ ಹಿಡಿದು ಮತ್ತೆ ಬಿಗಿ ಮಾಡಬಹುದು. ಹೋದ ಮನುಷ್ಯನನ್ನು ಕೇಳಲಿಕ್ಕೆ ಆಗೂದಿಲ್ಲ.